ರೆಪ್ಪೆಯ ಮೇಲಿನ ವಿಭೂತಿ

ಚಿತ್ರಕಥೆಯಲ್ಲಿ ಸಾವಿನ ಮನೆಯ ದೃಶ್ಯ ಬಂದಾಗ ಹೆಣ ಮಲಗಿತ್ತು. ಬಿಳಿ ಹೊದಿಕೆ, ಮೂಗಿಗೆ ಹತ್ತಿ, ತಲೆಯ ಹತ್ತಿರ ದೀಪ, ಹಿನ್ನೆಲೆಯಲ್ಲಿ ಗುಡುಗು. ಮುಂದಿನ ಪುಟದಲ್ಲಿ ಚಿತೆ, ಬೆಂಕಿಯ ಆಚೆ ನಡುಗುವ ತಾಯಿಯ ಮುಖ. ನಾನು ಪೆನ್ಸಿಲ್ ತೆಗೆದುಕೊಂಡು ಅಂಚಿನಲ್ಲಿ ಬರೆದೆ: "ಈ ಮನೆಯವರು ಲಿಂಗವಂತರು ಎಂದು ಮೊದಲ ದೃಶ್ಯದಲ್ಲೇ ತೋರಿಸಿದ್ದೀರಿ. ನಮ್ಮಲ್ಲಿ ಮಲಗಿಸುವುದಿಲ್ಲ, ಕೂರಿಸುತ್ತೇವೆ. ಸುಡುವುದಿಲ್ಲ, ಹೂಳುತ್ತೇವೆ."

ಮಧ್ಯಾಹ್ನವೇ ನಿರ್ದೇಶಕರ ಫೋನ್ ಬಂತು.

"ಕೂರಿಸ್ತೀರಾ ಅಂದ್ರೆ ಹೇಗೆ ಮೇಡಂ? ಕುರ್ಚಿ ಮೇಲಾ?"

"ಅಲ್ಲ ಸರ್. ನೆಲದ ಮೇಲೆ. ಪೂಜೆಗೆ ಕೂತ ಹಾಗೆ."

ಅವರು ಬಹಳ ಸಂತೋಷದಿಂದ, "ಅಯ್ಯೋ, ಇದನ್ನ ಯಾರೂ ತೋರಿಸೇ ಇಲ್ಲವಲ್ಲ!" ಎಂದರು. ಸಾವಿನ ವಿಷಯದಲ್ಲಿ ಅಷ್ಟು ಉತ್ಸಾಹದ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನನಗೆ ಒಪ್ಪಿಸಿದ್ದ ಕೆಲಸ ಎರಡು. ಪಾತ್ರಗಳ ಮಾತು ಭದ್ರಾವತಿಯ ಮನೆಗಳಲ್ಲಿ ಆಡುವ ಹಾಗೆ ಇದೆಯೇ, ರೀತಿ ರಿವಾಜು ಸರಿಯಿದೆಯೇ ಎಂದು ನೋಡುವುದು ಒಂದು. ಶೂಟಿಂಗ್ ಮುಗಿದ ಮೇಲೆ, ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಬರೆಯುವುದು ಇನ್ನೊಂದು. ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ರಸ್ತೆಯ ತುದಿಗೆ, ಒಂದು ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಸಿನಿಮಾದವರ ಆಫೀಸು. ಕಾನ್ವೆಂಟಿನಲ್ಲಿ ಓದಿದ ಹೆಂಗಸು, ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ತವರು, ಮಧ್ಯಾಹ್ನ ಬಿಡುವು. ಅವರಿಗೆ ಇಷ್ಟು ಅರ್ಹತೆ ಸಾಕಾಯಿತು. ನಮ್ಮ ಮನೆಯವರು ಪೇಪರ್ ಮಡಿಸುತ್ತಾ, "ಸಾಯೋದು ಹೇಗೆ ಅಂತ ಹೇಳಿಕೊಡೋಕೆ ನಿನ್ನನ್ನ ಇಟ್ಕೊಂಡಿದಾರಾ?" ಎಂದು ನಕ್ಕರು. ನಾನೂ ನಕ್ಕೆ.

ಆಫೀಸಿಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದೆ. ದೇಹ ಬಿಗಿಯುವ ಮುಂಚೆ ಕಾಲು ಮಡಿಸಿ ಚಕ್ಕಂಬಕ್ಕಳ ಹಾಕಿಸಬೇಕು. ಬೆನ್ನಿಗೆ ಗೋಡೆ. ಕತ್ತು ವಾಲದಂತೆ ಗದ್ದದ ಕೆಳಗಿಂದ ಬಟ್ಟೆ ತಂದು ಹಿಂದಿನ ಮೊಳೆಗೆ ಕಟ್ಟಬೇಕು, ಕಟ್ಟಿದ್ದು ಕಾಣದ ಹಾಗೆ ತಲೆಗೆ ಸೆರಗು. ಸ್ನಾನ ಮಾಡಿಸಿ, ಹೊಸ ಬಟ್ಟೆ ಉಡಿಸಿ, ಹಣೆಗೆ, ತೋಳಿಗೆ, ಕುತ್ತಿಗೆಗೆ ವಿಭೂತಿ ಬಳಿಯುತ್ತಾರೆ. ಎಡ ಅಂಗೈಯಲ್ಲಿ ಇಷ್ಟಲಿಂಗ. ಆಮೇಲೆ ಭಜನೆಯವರು ಬರುತ್ತಾರೆ. ಮಣ್ಣಿಗೆ ಒಯ್ಯುವಾಗಲೂ ಕೂತ ಹಾಗೆಯೇ, ಬಾಳೆಕಂಬ ಕಟ್ಟಿದ, ವಿಮಾನವೆನ್ನುವ ಮಂಟಪದಲ್ಲಿ. ಗುಂಡಿಯೊಳಗೂ ಕೂತೇ.

"ಮಲಗಿದವರನ್ನ ನೀವು ನಿಂತುಕೊಂಡು ಮೇಲಿಂದ ನೋಡ್ತೀರಿ ಸರ್," ಎಂದೆ. "ನಮ್ಮಲ್ಲಿ ಹಾಗಾಗಲ್ಲ. ಬಂದವರು ಎದುರಿಗೆ ಕೂರ್ತಾರೆ. ಮುಖಕ್ಕೆ ಮುಖ. ಕಾಫಿಗೆ ಕಾಯ್ತಾ ಇದ್ದಾರೇನೋ ಅನ್ನಿಸತ್ತೆ."

ನಿರ್ದೇಶಕರು ಅದನ್ನೂ ಬರೆದುಕೊಂಡರು. ನಾನು ಇದನ್ನೆಲ್ಲ ಎಲ್ಲಿ ನೋಡಿದ್ದೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.

ಓಲ್ಡ್ ಟೌನ್‌ನಲ್ಲಿ ನನ್ನ ಅಕ್ಕನ ಮನೆ. ಅವಳ ಒಬ್ಬಳೇ ಮಗಳು ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಸಿನಿಮಾದವರು ಬರುವುದಕ್ಕೆ ಎರಡು ವರ್ಷ ಹಿಂದೆ ಜ್ವರ ಬಂದು ಹೋಗಿಬಿಟ್ಟಳು. ಅವಳನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದಾಗ ನಾನು ಅಲ್ಲಿದ್ದೆ. ವಿಭೂತಿಯನ್ನು ನೀರಿನಲ್ಲಿ ತೇಯ್ದು ದಪ್ಪಗೆ ಬಳಿದಿದ್ದರು. ಒಣಗುತ್ತಾ ಬಂದಂತೆ ಹುಬ್ಬಿನ ಹತ್ತಿರ ಬಿರುಕು ಬಿಟ್ಟು, ಒಂದು ಚೂರು ಎಡಗಣ್ಣಿನ ರೆಪ್ಪೆಯ ಮೇಲೆ ಬಿತ್ತು. ಆ ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಅಕ್ಕ ಥಟ್ಟನೆ ಎದ್ದಳು: "ಕಣ್ಣು ಉರಿಯತ್ತೆ ಅವಳಿಗೆ." ಎದುರು ಮನೆಯ ದೊಡ್ಡಮ್ಮ ಅವಳ ಎರಡೂ ಕೈ ಹಿಡಿದು ಕೂರಿಸಿದರು. "ಬೇಡ ಕಣಮ್ಮ, ಎಲ್ಲಾ ಆಗಿದೆ, ಇನ್ನು ಮುಟ್ಟಬಾರದು. ಕಣ್ಣೀರು ಮೈಮೇಲೆ ಬೀಳಬಾರದು." ಮಣ್ಣಿಗೆ ಎತ್ತುವ ತನಕ ಆ ಚೂರು ಹಾಗೇ ಇತ್ತು. ಅಕ್ಕ ಅದನ್ನೇ ನೋಡುತ್ತಿದ್ದಳು. ನಾನು ಅಕ್ಕನನ್ನು ನೋಡುತ್ತಿದ್ದೆ.

ಸಾವಿನ ಬಗ್ಗೆ ನಾನು ಓದಿದ್ದು ಕಡಿಮೆಯೇನಲ್ಲ. ಸ್ಕೂಲಿನಲ್ಲಿ ಸಿಸ್ಟರ್ ಓದಿಸುತ್ತಿದ್ದ ಇಂಗ್ಲಿಷ್ ಕಥೆಗಳಲ್ಲಿ ಸಾಯುವ ಹುಡುಗಿಯರು ಕಿಟಕಿಯ ಪಕ್ಕ ಮಲಗಿ, ಬಿಳಿಚಿದ ಕೈ ಎತ್ತಿ, ಎಲ್ಲರನ್ನೂ ಕ್ಷಮಿಸಿ, ಒಂದು ಒಳ್ಳೆಯ ಮಾತು ಹೇಳಿ ಕಣ್ಣು ಮುಚ್ಚುತ್ತಿದ್ದರು. ನಾವು ಡೆಸ್ಕಿನ ಕೆಳಗೆ ಕರ್ಚೀಫು ಹಿಂಡುತ್ತಿದ್ದೆವು. ನಮ್ಮ ಸಿನಿಮಾಗಳಲ್ಲಿ ಬಳೆ ಒಡೆಯುತ್ತದೆ, ದೀಪ ಆರುತ್ತದೆ, ಸುದ್ದಿ ಕೇಳಿದವರ ಕೈಯಿಂದ ಹಾಲಿನ ಲೋಟ ಬೀಳುತ್ತದೆ. ಕಾದಂಬರಿಗಳಾದರೆ ಇನ್ನೂ ನಯ. ಕೊನೆಯ ಅಧ್ಯಾಯದಲ್ಲಿ ದುಃಖಿತರು ಹೊಳೆಯ ದಂಡೆಗೆ ಹೋಗುತ್ತಾರೆ, ನೀರು ಹರಿಯುವುದನ್ನು ನೋಡುತ್ತಾರೆ, ಏನೋ ಅರ್ಥವಾಗಿಬಿಡುತ್ತದೆ. ಭದ್ರಾ ಹೊಳೆ ಅಕ್ಕನ ಮನೆಗೆ ನಡೆದು ಹೋಗುವಷ್ಟು ಹತ್ತಿರ. ಬೇಕಾದಷ್ಟು ಸಲ ಹೋಗಿ ನೋಡಿದ್ದಾಳೆ. ನೀರು ಹರಿಯುತ್ತದೆ, ಅಷ್ಟೇ.

ಪುಸ್ತಕಗಳಲ್ಲಿ ಇಲ್ಲದ ಎಷ್ಟೋ ಸಂಗತಿಗಳು ಆ ಮನೆಯಲ್ಲಿ ನಡೆದವು. ಮಣ್ಣು ಮಾಡಿ ಬಂದ ಸಂಜೆ ಹುಡುಗಿಯ ಮೊಬೈಲಿಗೆ ಟೈಲರ್ ಫೋನ್ ಮಾಡಿ, "ಬ್ಲೌಸ್ ರೆಡಿ ಇದೆ, ಹಾಕಿ ನೋಡ್ಕೊಂಡು ಹೋಗಮ್ಮ" ಎಂದ. ಮಾತಾಡಿಸಲು ಬಂದವರಲ್ಲಿ ಒಬ್ಬರು ಅಳುತ್ತಳುತ್ತಲೇ ನನ್ನ ಕಡೆ ತಿರುಗಿ, "ನಂಗೆ ಸಕ್ಕರೆ ಬೇಡ ಕಣೇ, ಶುಗರ್" ಎಂದರು. ಮತ್ತೆ ಎಲ್ಲರೂ, ಒಬ್ಬರೂ ತಪ್ಪದೆ, ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಾ ಹೇಳಿದ್ದು ಒಂದೇ ಮಾತು: "ಒಪ್ಪಿಕೊಳ್ಳಬೇಕು."

"ಒಪ್ಪಿಕೊಳ್ಳೋಕೆ ನನ್ನನ್ನ ಯಾರು ಕೇಳಿದ್ರೇ?" ಎಂದು ಅಕ್ಕ ಒಮ್ಮೆ ನನ್ನ ಹತ್ತಿರ ರೇಗಿದ್ದಳು.

ನಿರ್ದೇಶಕರ ಕಥೆಯ ಕೊನೆ ಅದೇ ಒಪ್ಪಿಗೆಯ ದೃಶ್ಯ. ಮಗಳು ಸತ್ತ ತಾಯಿ ಒಂದು ಬೆಳಿಗ್ಗೆ ಮುಚ್ಚಿದ್ದ ಕಿಟಕಿ ತೆರೆಯುತ್ತಾಳೆ, ಮಗಳ ಸೈಕಲ್ ಒರೆಸಿ ಪಕ್ಕದ ಮನೆಯ ಹುಡುಗಿಗೆ ಕೊಡುತ್ತಾಳೆ, ಆ ಹುಡುಗಿ ಬೆಲ್ ಬಾರಿಸುತ್ತಾ ಹೋಗುತ್ತಾಳೆ, ತಾಯಿ ನಗುತ್ತಾಳೆ.

"ಸೈಕಲ್ ಬೇಕಾದ್ರೆ ಕೊಡಲಿ ಸರ್," ಎಂದೆ, "ನಗೋದು ಯಾಕೆ?"

"ಪ್ರೇಕ್ಷಕರನ್ನ ಬರಿಗೈಲಿ ಕಳಿಸೋಕಾಗತ್ತಾ ಮೇಡಂ? ಒಂದೂವರೆ ಗಂಟೆ ಅಳಿಸಿರ್ತೀವಿ. ಕೊನೆಗೆ ಒಂದು ಬೆಳಕು ಬೇಡ್ವಾ?"

"ತಾಯಿ ನಗೋದು ಪ್ರೇಕ್ಷಕರಿಗೋಸ್ಕರನಾ ಹಾಗಾದ್ರೆ?"

"ಎಲ್ಲ ಪಾತ್ರಗಳೂ ಪ್ರೇಕ್ಷಕರಿಗೋಸ್ಕರನೇ ಅಲ್ವಾ ಮೇಡಂ," ಎಂದರು. ಕೆಟ್ಟವರಲ್ಲ ಅವರು. ಹೇಳಿದ್ದನ್ನು ನಂಬಿಯೇ ಹೇಳಿದ್ದರು. ನನ್ನ ಪೆನ್ಸಿಲ್ಲಿನ ಗುರುತುಗಳಲ್ಲಿ ಕೂರಿಸುವುದು, ಹೂಳುವುದು ಅವರಿಗೆ ಹಿಡಿಸಿತು. ನಗು ಬೇಡ ಎಂದು ಬರೆದದ್ದನ್ನು ಅಳಿಸಿದರು.

ಶೂಟಿಂಗಿಗೆ ಓಲ್ಡ್ ಟೌನ್‌ನಲ್ಲೇ, ಅಕ್ಕನ ಬೀದಿಯಲ್ಲೇ, ಖಾಲಿ ಬಿದ್ದಿದ್ದ ಒಂದು ಹಳೆಯ ಮನೆ ಸಿಕ್ಕಿತು. ಸಾವಿನ ಮನೆಯಲ್ಲಿ ಕೂರಲು ಹೆಂಗಸರು ಬೇಕಿತ್ತು. ಬೆಂಗಳೂರಿನಿಂದ ಕರೆತಂದಿದ್ದವರು ಕೂತ ತಕ್ಷಣ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಭುಜ ಕುಣಿಸಲು ಶುರು ಮಾಡಿದರು. ನಾನು ಹೇಳಿದೆ: ಸಾವಿನ ಮನೆಯಲ್ಲಿ ಹೆಂಗಸರು ಹೆಚ್ಚು ಹೊತ್ತು ಸುಮ್ಮನೆ ಕೂತಿರುತ್ತಾರೆ. ಚಾಪೆಯ ಕಡ್ಡಿ ಕೀಳುತ್ತಾರೆ. ಯಾರು ಬಂದರು ಎಂದು ಬಾಗಿಲು ನೋಡುತ್ತಾರೆ. ಹತ್ತಿರದ ನೆಂಟರು ಹೊಸ್ತಿಲು ದಾಟಿದಾಗ ಒಟ್ಟಿಗೆ ಅಳು ಏಳುತ್ತದೆ, ಮತ್ತೆ ಕೂರುತ್ತದೆ. ನಿರ್ದೇಶಕರು, "ಹಾಗಾದ್ರೆ ಈ ಬೀದಿಯವರನ್ನೇ ಕರೀರಿ ಮೇಡಂ" ಎಂದರು.

ಅಕ್ಕನನ್ನು ನಾನು ಕರೆಯಲಿಲ್ಲ. ಅವಳೇ ಬಂದಳು.

"ಬೇಡ ಅಕ್ಕ," ಎಂದೆ.

"ಯಾಕೆ? ನಮ್ಮ ಬೀದಿಗೆ ಬಂದು ಸಾಯ್ತಾ ಇದಾರೆ. ಮಾತಾಡಿಸೋಕೆ ಹೋಗದೇ ಇದ್ರೆ ಚೆನ್ನಾಗಿರತ್ತಾ?"

"ಅಕ್ಕ, ತಮಾಷೆ ಮಾಡ್ಬೇಡ."

"ತಮಾಷೆ ಅಲ್ವೇ ಮಾರಾಯ್ತಿ. ಎರಡು ವರ್ಷದಿಂದ ನಾನು ಎಲ್ಲಿಗೆ ಹೋದ್ರೂ ಜನ ಮಾತು ನಿಲ್ಲಿಸ್ತಾರೆ. ಮದುವೆ ಮನೇಲಿ ಮೂಲೆಗೆ ಕೂರಿಸ್ತಾರೆ. ಇದೊಂದು ಮನೇಲಿ ನಾನು ಹೀಗಿರೋದೇ ಸರಿ."

ಎದುರು ಮನೆಯ ದೊಡ್ಡಮ್ಮ ಮಂಡಿನೋವೆಂದು ಬರಲಿಲ್ಲ, ಆದರೆ ಜಗಲಿಯ ಮೇಲಿಂದಲೇ ಕೂಗಿದರು: "ಹೋಗು ಹೋಗು, ಹೀರೋಯಿನ್ ಆಗಿ ಬಾ!" ಅಕ್ಕ ಅಪರೂಪಕ್ಕೆ ನಕ್ಕಳು.

ಮಗಳ ಪಾತ್ರದ ಹುಡುಗಿ ರಂಗಭೂಮಿಯವಳು, ಶ್ರದ್ಧೆಯವಳು. ಆದರೆ ಬದುಕಿರುವವರು ಕೂತು ಸತ್ತಿರುವುದು ಎಷ್ಟು ಕಷ್ಟವೆಂದು ಆವತ್ತು ಗೊತ್ತಾಯಿತು. ಮಲಗಿದ್ದರೆ ಹೊದಿಕೆ ಉಸಿರನ್ನು ಮುಚ್ಚುತ್ತದೆ. ಕೂತರೆ ಹೊಟ್ಟೆ, ಎದೆ, ಗಂಟಲು ಎಲ್ಲವೂ ಕಾಣುತ್ತದೆ. ಎದೆ ಮುಚ್ಚಲಿ ಎಂದು ನಾನೇ ದಪ್ಪನೆಯ ಸೇವಂತಿಗೆ ಹಾರ ಹಾಕಿಸಿದೆ. ಅದು ಇನ್ನೂ ಎಡವಟ್ಟಾಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಉಸಿರಿಗೂ ಹೂವಿನ ಎಸಳುಗಳು ನಡುಗಿದವು. ಮಾನಿಟರ್ ಮುಂದೆ ಕೂತವರು "ಹೆಣ ಉಸಿರಾಡ್ತಿದೆ ಸರ್, ಆಸ್ಪತ್ರೆಗೆ ಸೇರಿಸೋಣ್ವಾ?" ಎಂದು ನಗಾಡಿದರು. ಕೊನೆಗೆ ಹಾರವನ್ನು ಅವಳ ಕೊರಳಿಗೆ ಹಾಕದೆ, ಭುಜದ ಎರಡು ಪಕ್ಕ ಗೋಡೆಗೆ ಮೊಳೆ ಹೊಡೆದು ಅಲ್ಲಿಂದ ಇಳಿಬಿಟ್ಟೆವು. ಮೈಗೂ ಹೂವಿಗೂ ನಡುವೆ ಒಂದು ಬೆರಳು ಜಾಗ. ಉಸಿರು ಪೂರ್ತಿ ಬಿಟ್ಟ ಮೇಲೆ ಹುಡುಗಿ ಹೆಬ್ಬೆರಳು ಅಲ್ಲಾಡಿಸುವುದು, ಆಗ ಕ್ಯಾಮೆರಾ ಓಡಿಸುವುದು, ಅವಳಿಗೆ ತಡೆಯಲಾಗದಾಗ ನಿಲ್ಲಿಸುವುದು. ಹೀಗೆ ಚೂರು ಚೂರಾಗಿ ತೆಗೆದರು.

ವಿಭೂತಿಯದು ಮತ್ತೊಂದು ಕಥೆ. ಮೇಕಪ್ಪಿನವರು ಯಾವುದೋ ಬಿಳಿ ಬಣ್ಣ ಬಳಿದಿದ್ದರು, ಸುಣ್ಣ ಹೊಡೆದ ಹಾಗಿತ್ತು. ನಾನು ಅಕ್ಕನ ಮನೆಯಿಂದ ಗಟ್ಟಿ ವಿಭೂತಿ ತರಿಸಿ ನೀರಿನಲ್ಲಿ ತೇಯ್ದು ಕೊಟ್ಟೆ. ಚೆನ್ನಾಗಿ ಕೂತಿತು, ನಿಜವಾದ ಬೂದುಬಿಳುಪು ಬಂತು. ಆದರೆ ಲೈಟಿನ ಕಾವಿಗೆ ಬೇಗ ಒಣಗಿತು.

ಆ ಟೇಕಿನಲ್ಲಿ ತಾಯಿಯ ಪಾತ್ರದ ನಟಿ ಹೆಣದ ಬಲಕ್ಕೆ ಕೂತಿದ್ದರು. ಹೆಂಗಸರ ಸಾಲಿನಲ್ಲಿ ಎರಡನೆಯವಳು ಅಕ್ಕ. ಭಜನೆ ನಡೆದಿತ್ತು. ಹುಡುಗಿಯ ಹೆಬ್ಬೆರಳು ಅಲ್ಲಾಡಿತು, ನಿರ್ದೇಶಕರು ಕೈ ಇಳಿಸಿದರು, ಕ್ಯಾಮೆರಾ ಓಡತೊಡಗಿತು. ಆಗಲೇ ಹುಬ್ಬಿನ ಮೇಲಿನ ವಿಭೂತಿ ಬಿರಿದು ಒಂದು ಚೂರು ರೆಪ್ಪೆಯ ಮೇಲೆ ಬಿತ್ತು. ಹುಡುಗಿ ಅಲ್ಲಾಡಲಿಲ್ಲ.

ಅಕ್ಕ ಎದ್ದಳು. ಯಾರ ಮುಖವನ್ನೂ ನೋಡದೆ, ನಟಿಯ ಕಾಲು ದಾಟಿ, ಹುಡುಗಿಯ ಮುಂದೆ ಮಂಡಿಯೂರಿದಳು. ಮೊದಲು ಮೆಲ್ಲಗೆ ಊದಿದಳು. ಆಮೇಲೆ ಸೆರಗಿನ ತುದಿಯನ್ನು ಕಿರುಬೆರಳಿಗೆ ಸುತ್ತಿ, ಮಗುವಿನ ಕಣ್ಣಿಗೆ ಹಬ್ಬಿದ ಕಾಡಿಗೆ ಒರೆಸುವ ಹಾಗೆ, ರೆಪ್ಪೆಯ ಬುಡದಿಂದ ಹೊರಕ್ಕೆ ಒರೆಸಿದಳು. ಸರಿಯಾಯಿತೇ ಎಂದು ತಲೆ ಓರೆ ಮಾಡಿ ನೋಡಿದಳು. ಎದ್ದು ಬಂದು ತನ್ನ ಜಾಗದಲ್ಲಿ ಕೂತಳು.

ಭಜನೆಯವರೂ ನಿಲ್ಲಿಸಿರಲಿಲ್ಲ, ಕ್ಯಾಮೆರಾದವರೂ ನಿಲ್ಲಿಸಿರಲಿಲ್ಲ. ಅವಳು ಕೂತ ಮೇಲೆಯೇ ನಿರ್ದೇಶಕರು "ಕಟ್" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಟಿ ಕಣ್ಣೊರೆಸಿಕೊಂಡರು. ಅಕ್ಕ ಸುತ್ತ ನೋಡಿ ನನ್ನನ್ನು ಕೇಳಿದಳು: "ಚಪ್ಪಾಳೆ ಯಾಕೆ ಹೊಡೀತಿದಾರೆ?"

ಇಬ್ಬರೂ ಅವಳ ಮನೆಗೆ ನಡೆದು ಬಂದೆವು. ಅಡುಗೆಮನೆಯಲ್ಲಿ ಹಾಲು ಒಲೆಯ ಮೇಲಿಟ್ಟು, ನನ್ನ ಕಡೆ ಬೆನ್ನು ಮಾಡಿಯೇ ಹೇಳಿದಳು.

"ಅದನ್ನ ತೆಗೆಸು."

"ಏನನ್ನ?"

"ನಾನು ಒರೆಸಿದ್ದನ್ನ."

"ಅಕ್ಕ, ನೋಡಿದವರೆಲ್ಲ…"

"ಅದಕ್ಕೇ. ಅವತ್ತು ನಾನು ಒರೆಸಲಿಲ್ಲ. ಎದ್ದೆ, ಕೂರಿಸಿದ್ರು, ಕೂತೆ. ಅವಳು ಹಾಗೇ ಹೋದಳು. ನನ್ನ ಹತ್ರ ಉಳಿದಿರೋದು ಅದೊಂದೇ ನಿಜ. ಇವತ್ತಿಂದು ಪಿಕ್ಚರ್‌ನಲ್ಲಿ ಬಂದ್ರೆ ಜನ ಅವತ್ತೂ ಒರೆಸಿದ್ದೆ ಅಂದ್ಕೋತಾರೆ. ಸಮಾಧಾನ ಆಯ್ತು ಅಂದ್ಕೋತಾರೆ. ಸಮಾಧಾನ ಆಗಿಲ್ಲ ಕಣೇ. ಆಗಬಾರದು."

ಹಾಲು ಉಕ್ಕಿತು. ಅವಳು ಒಲೆ ಆರಿಸಿ ಕಟ್ಟೆ ಒರೆಸಿದಳು.

ನಿರ್ದೇಶಕರಿಗೆ ಮಾರನೆಯ ದಿನವೇ ಹೇಳಿದೆ. ಅವರು ಅರ್ಥವಾಗದೆ ನೋಡಿದರು. "ಮೇಡಂ, ಇಡೀ ಸಿನಿಮಾದಲ್ಲಿ ನಿಜ ಅನ್ನೋದು ಅದೊಂದೇ ಶಾಟ್."

"ಹೌದು. ಅದಕ್ಕೇ ಅದು ನಿಮ್ಮದಲ್ಲ."

"ಅವರಿಗೆ ನಾನು ಬಂದು ಹೇಳ್ಲಾ? ಇದು ಅವರ ಮಗಳಿಗೆ ಒಂದು ನಮಸ್ಕಾರ ಇದ್ದ ಹಾಗೆ ಅಂತ?"

"ಬೇಡ ಸರ್," ಎಂದೆ. "ಬಂದವರೆಲ್ಲ ಒಂದೊಂದು ಮಾತು ಹೇಳಿಯೇ ಹೋಗಿದಾರೆ."

ನೋಡೋಣ ಎಂದರು. ಆ "ನೋಡೋಣ" ಎಡಿಟಿಂಗ್ ಮುಗಿಯುವ ತನಕ ಎಳೆಯಿತು. ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ನಾನು ಮೊದಲ ಭಾಗದ ಇಂಗ್ಲಿಷ್ ಸಾಲುಗಳನ್ನು ಬರೆದೆ. ಸಣ್ಣ ಕೆಲಸವಲ್ಲ ಅದು. ಪಾತ್ರ ಬಾಯಿ ತೆರೆದಾಗ ಸಾಲು ಬರಬೇಕು, ಮುಚ್ಚಿದ ಮೇಲೆ ಹೋಗಬೇಕು. ಓದುವಷ್ಟು ಹೊತ್ತು ನಿಲ್ಲಬೇಕು, ಮುಖ ನೋಡುವುದಕ್ಕೂ ಹೊತ್ತು ಬಿಡಬೇಕು. ಎರಡು ಸಾಲಿಗಿಂತ ಹೆಚ್ಚಾಗಬಾರದು. ನಮ್ಮ ಹೆಂಗಸರು ಅತ್ತರೆ ಒಂದೇ ಉಸಿರಿಗೆ ಇಡೀ ಜೀವಮಾನ ಹೇಳುತ್ತಾರೆ. "ಹಬ್ಬಕ್ಕೆ ತಂದ ಸೀರೆ ಬಿಚ್ಚಿ ಸಹ ನೋಡಲಿಲ್ಲವಲ್ಲೇ ನನ್ನವ್ವಾ" ಎಂಬುದನ್ನು ಎರಡು ಸಾಲಿನ ಇಂಗ್ಲಿಷಿಗೆ ಇಳಿಸಿದರೆ ಅಂಗಡಿಯವನಿಗೆ ಕೊಟ್ಟ ದೂರಿನ ಹಾಗೆ ಕೇಳುತ್ತದೆ. ಒಂದು ಅಳುವಿಗೆ ಒಂದು ಬೆಳಿಗ್ಗೆ ಹೋಗುತ್ತಿತ್ತು.

ಸಾವಿನ ಮನೆಯ ಭಾಗಕ್ಕೆ ಬಂದಾಗ ಶಾಟ್ ಅಲ್ಲೇ ಇತ್ತು. ಅಕ್ಕ ಏಳುತ್ತಾಳೆ, ಊದುತ್ತಾಳೆ, ಒರೆಸುತ್ತಾಳೆ. ಹಿಂದೆ ಕೊಳಲು ಬೇರೆ ಹಾಕಿದ್ದರು. ನಾನು ಕಂಪ್ಯೂಟರ್ ನಿಲ್ಲಿಸಿದೆ. ನಿರ್ದೇಶಕರು ಪಕ್ಕದ ಕೋಣೆಯಲ್ಲಿ ಯಾವುದೋ ಚಿತ್ರೋತ್ಸವದವರ ಜೊತೆ ಫೋನಿನಲ್ಲಿದ್ದರು. ಸಾಲುಗಳು ಸೇರಿದ ಪ್ರತಿಯನ್ನು ಆ ವಾರವೇ ಕಳಿಸಬೇಕಿತ್ತು.

ನನ್ನ ಇಡೀ ಬದುಕಿನಲ್ಲಿ ಯಾರ ಕೆಲಸವನ್ನೂ ಅರ್ಧಕ್ಕೆ ಬಿಟ್ಟವಳಲ್ಲ ನಾನು. ಒಲ್ಲೆ ಎನ್ನುವುದಿದ್ದರೂ ನಗುತ್ತಾ, ತಲೆನೋವೆಂದು ಹೇಳಿ ತಪ್ಪಿಸಿಕೊಳ್ಳುವುದೇ ನನಗೆ ರೂಢಿ. ಅವತ್ತು ಅವರ ಬಾಗಿಲಲ್ಲಿ ನಿಂತು, ಫೋನ್ ಮುಗಿಯುವ ತನಕ ಕಾದು, "ಆ ಶಾಟ್ ಹೋಗೋವರೆಗೆ ನಾನು ಮುಂದಿನ ಸಾಲು ಬರೆಯಲ್ಲ ಸರ್" ಎಂದೆ. ದನಿ ನನಗೇ ಬೇರೆಯವರದೆನ್ನಿಸಿತು.

"ಬ್ಲಾಕ್‌ಮೇಲ್ ಮಾಡ್ತಿದೀರಾ ಮೇಡಂ?"

"ಹೌದು ಅನ್ಸತ್ತೆ."

ಅವರು ನಗಬಹುದು ಎಂದುಕೊಂಡಿದ್ದೆ. ನಗಲಿಲ್ಲ. "ನಿಮ್ಮಕ್ಕನ ದುಃಖವನ್ನ ನಾನು ಮಾರ್ತಿದೀನಿ ಅಂದ್ಕೊಂಡಿದೀರಿ. ನಾನು ಅದನ್ನ ಉಳಿಸ್ತಿದೀನಿ. ನಾಳೆ ಯಾರಿಗೆ ನೆನಪಿರತ್ತೆ?"

"ಅವಳಿಗೆ ಇರತ್ತೆ," ಎಂದೆ.

ಕೊನೆಗೆ ಎಡಿಟರನ್ನು ಕರೆದು, ನನ್ನ ಎದುರಿಗೇ ಆ ತುಣುಕನ್ನು ತೆಗೆಸಿದರು. ಪರದೆಯ ಕೆಳಗಿನ ಪಟ್ಟಿಯಲ್ಲಿ ಅದು ಮಾಯವಾಗಿ, ಆಚೀಚೆಯ ಚಿತ್ರಗಳು ಬಂದು ಕೂಡಿಕೊಂಡದ್ದನ್ನು ಕಣ್ಣಾರೆ ನೋಡಿದೆ. ಓಡಿಸಿ ತೋರಿಸಿದರು. ಅಕ್ಕ ಕೂತೇ ಇದ್ದಳು. ನಾನು ಉಳಿದ ಸಾಲುಗಳನ್ನೆಲ್ಲ ಹೇಳಿದ ದಿನಕ್ಕೆ ಮುಗಿಸಿಕೊಟ್ಟೆ, ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿ "ತೆಗೆದರು" ಎಂದೆ. ಅವಳು "ಹೂಂ" ಎಂದಳು. ಮತ್ತೆ, "ನಿಂಗೆ ಕಷ್ಟ ಕೊಟ್ಟೆ" ಎಂದಳು.

ಮೊದಲ ಪ್ರದರ್ಶನ ಶಿವಮೊಗ್ಗದ ಒಂದು ಸಭಾಂಗಣದಲ್ಲಿ. ಶಂಕರಘಟ್ಟದಿಂದ ವಿದ್ಯಾರ್ಥಿಗಳು ಒಂದು ಬಸ್ಸಿನಷ್ಟು ಬಂದಿದ್ದರು. ಅಕ್ಕ ಬರುವುದಿಲ್ಲ ಎಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. "ತೆಗೆದಿದಾರೆ ಅಂತ ನಾನೇ ನೋಡಬೇಕು," ಎಂದಳು.

ಸಾವಿನ ಮನೆ ಬಂತು. ಭಜನೆ ಬಂತು. ರೆಪ್ಪೆಯ ಮೇಲೆ ಚೂರು ಬಿತ್ತು. ಅಕ್ಕ ಕೂತೇ ಇದ್ದಳು, ಪರದೆಯ ಮೇಲೂ ನನ್ನ ಪಕ್ಕದಲ್ಲೂ. ನಾನು ಉಸಿರು ಬಿಟ್ಟೆ.

ಆಗ ತಾಯಿಯ ಪಾತ್ರದ ನಟಿ ತಿರುಗಿದರು. ಮೆಲ್ಲಗೆ ಊದಿದರು. ಸೆರಗಿನ ತುದಿಯನ್ನು ಕಿರುಬೆರಳಿಗೆ ಸುತ್ತಿ, ರೆಪ್ಪೆಯ ಬುಡದಿಂದ ಹೊರಕ್ಕೆ ಒರೆಸಿದರು. ತಲೆ ಓರೆ ಮಾಡಿ ನೋಡಿದರು. ಪರದೆಯ ತುಂಬ ಅವರ ಮುಖ, ಒಂದು ಹನಿ, ಹನಿಯ ಹಿಂದೆ ಒಂದು ಸಣ್ಣ ನಗು. ಕೊಳಲು. ಆ ನಗುವಿನ ಮೇಲೇ ಚಿತ್ರ ಬದಲಾಗಿ ಕಿಟಕಿ ತೆರೆಯಿತು, ಬೆಳಕು ಬಂತು, ಸೈಕಲ್ ಬಂತು.

ನಾನು ಸಾಲುಗಳನ್ನು ಕೊಟ್ಟ ಮೇಲೆ ನಟಿಯನ್ನೂ ಹುಡುಗಿಯನ್ನೂ ಮತ್ತೊಂದು ದಿನ ಕರೆಸಿ ತೆಗೆದಿದ್ದರು. ನನಗೆ ಹೇಳುವ ಅಗತ್ಯ ಬಿದ್ದಿರಲಿಲ್ಲ. ಮಾತಿಲ್ಲದ ದೃಶ್ಯಕ್ಕೆ ಸಾಲು ಬೇಕಿಲ್ಲವಲ್ಲ.

ಸಭಾಂಗಣದ ತುಂಬ ಮೂಗೆಳೆಯುವ ಸದ್ದು. ಅಕ್ಕನ ಆಚೆ ಕೂತಿದ್ದ ಹೆಂಗಸು ಬಿಕ್ಕುತ್ತಾ, "ತಾಯಿ ಕರುಳು ನೋಡ್ರಿ" ಎಂದು ಅಕ್ಕನಿಗೇ ಹೇಳಿದರು. ಅಕ್ಕ ಅವರಿಗೆ ತನ್ನ ಕರ್ಚೀಫು ಕೊಟ್ಟಳು.

ಆಮೇಲೆ ಪ್ರಶ್ನೋತ್ತರ. ಒಬ್ಬ ವಿದ್ಯಾರ್ಥಿನಿ ಎದ್ದು, ರೆಪ್ಪೆ ಒರೆಸುವುದು ಚಿತ್ರಕಥೆಯಲ್ಲೇ ಇತ್ತೇ ಎಂದು ಕೇಳಿದಳು. ನಟಿ ಮೈಕು ಹಿಡಿದು, "ಇರಲಿಲ್ಲ. ಆ ಕ್ಷಣಕ್ಕೆ ನನ್ನೊಳಗಿಂದ ಬಂತು" ಎಂದರು. ನಿರ್ದೇಶಕರು ಅವರ ಪಕ್ಕದಲ್ಲಿ ನೆಲ ನೋಡುತ್ತಾ ನಿಂತಿದ್ದರು. ನಾನು ಏಳಲು ಹೋದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು. "ಕೂತ್ಕೋ. ಎದ್ದು ಏನಂತೀಯ? ನಮ್ಮದು ಅಂತೀಯಾ? ನಾವೇ ಬೇಡ ಅಂದಿದ್ದಲ್ವಾ."

ಹೊರಗೆ ಬರುವಾಗ ನಿರ್ದೇಶಕರು ಅಡ್ಡ ಬಂದರು. "ಶಾಟ್ ತೆಗೆದೆ ಮೇಡಂ. ಮಾತು ತಪ್ಪಲಿಲ್ಲ," ಎಂದರು. ಅಕ್ಕನಿಗೆ ಕೈ ಮುಗಿದರು. ಅಕ್ಕನೂ ಮುಗಿದಳು. ಅವರ ಮುಖದಲ್ಲಿ ನಿಜವಾದ ಗೌರವವಿತ್ತು ಎನ್ನುವುದನ್ನೂ ನಾನು ಬರೆಯಬೇಕು. ಗೌರವವಿದ್ದೂ ಅವರು ಹಾಗೆ ಮಾಡಿದ್ದರು ಎಂಬುದೇ ನನಗೆ ಇವತ್ತಿಗೂ ನುಂಗಲಾಗದ ತುತ್ತು. ಈಗಲೂ ಯಾವ ಪುಸ್ತಕದಲ್ಲಾದರೂ ಸಾವಿನ ಒಂದು ಬಹಳ ಚೆಂದದ ವಿವರ ಓದಿದರೆ, ಇದು ಯಾರ ಮನೆಯಿಂದ ಬಂತು, ಕೇಳಿ ತಂದದ್ದೇ ಎಂದು ಮೊದಲು ಅನ್ನಿಸುತ್ತದೆ. ಓದುವ ಸುಖ ಅಲ್ಲಿಗೆ ಮುಗಿಯುತ್ತದೆ.

ಭದ್ರಾವತಿಯಲ್ಲೂ ಸಿನಿಮಾ ತೋರಿಸಿದರು. ತಮ್ಮ ಬೀದಿ ಪರದೆಯ ಮೇಲೆ ಬರುತ್ತದೆಂದು ಓಲ್ಡ್ ಟೌನ್‌ನವರೆಲ್ಲ ಹೋದರು. ಅದಾದ ಮೇಲಿನ ಒಂದು ಮಧ್ಯಾಹ್ನ ನಾನು ಅಕ್ಕನ ಮನೆಯಲ್ಲಿದ್ದೆ. ಎದುರು ಮನೆಯ ದೊಡ್ಡಮ್ಮ ಮಂಡಿ ಹಿಡಿದುಕೊಂಡು ಬಂದು, ನಡುಮನೆಯ ಬೆಂಚಿನ ಮೇಲೆ ಕೂತು, ಸಿನಿಮಾ ನೆನೆದು ಕಣ್ಣೊರೆಸಿಕೊಂಡರು.

"ಎಷ್ಟು ಚೆನ್ನಾಗಿ ತೆಗೆದಿದಾನೆ ಆ ಹುಡುಗ. ಆ ಕಣ್ಣು ಒರೆಸೋದು ನೋಡಿ ನಂಗೆ ನಮ್ಮ ಮಗೂನೇ ನೆನಪಾಯ್ತು ಕಣಮ್ಮ," ಎಂದು ಅಕ್ಕನ ಕೈ ಹಿಡಿದರು. "ಅವತ್ತು ನೀನೂ ಹಾಗೇ ಒರೆಸಿದೆಯಲ್ಲ. ಸೆರಗಲ್ಲಿ. ಅದೊಂದು ಪುಣ್ಯ ಸಿಕ್ತು ನಿಂಗೆ."

ಅಕ್ಕ ಅವರನ್ನೇ ನೋಡಿದಳು. "ಇಲ್ಲ ದೊಡ್ಡಮ್ಮ. ನಾನು ಒರೆಸಲಿಲ್ಲ."

"ಒರೆಸಿದೆ ಕಣೇ! ದುಃಖದಲ್ಲಿ ನಿಂಗೆ ನೆನಪಿಲ್ಲ. ನಾನು ಪಕ್ಕದಲ್ಲೇ ಇದ್ದೆನಲ್ಲ, ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ."

ಅಕ್ಕ ನನ್ನ ಕಡೆ ತಿರುಗಿದಳು. ದೊಡ್ಡಮ್ಮನೂ ತಿರುಗಿದರು, ಹೌದು ಎನ್ನಲಿ ಎಂದು ಕಾಯುತ್ತಾ. ಹೌದೆಂದರೆ ಅವರು ನೆಮ್ಮದಿಯಿಂದ ಕಾಫಿ ಕುಡಿದು ಹೋಗುತ್ತಿದ್ದರು. ನನ್ನ ಬಾಯಿಗೆ ಬಂದದ್ದೂ ಅದೇ, ಹಿರಿಯರನ್ನು ಎದುರಿಗೆ ನೋಯಿಸಿ ಅಭ್ಯಾಸವಿಲ್ಲ.

"ಇಲ್ಲ ದೊಡ್ಡಮ್ಮ," ಎಂದೆ. "ಅಕ್ಕ ಎದ್ದಳು. ನೀವು ಎರಡೂ ಕೈ ಹಿಡಿದು ಕೂರಿಸಿದಿರಿ. ಮುಟ್ಟಬಾರದು ಅಂದಿರಿ."

ಅವರು ಅಕ್ಕನ ಕೈಯನ್ನು ಇನ್ನೂ ಹಿಡಿದೇ ಇದ್ದರು. ಅದನ್ನೊಮ್ಮೆ ನೋಡಿ ಬಿಟ್ಟರು. "ನಾನಾ?" ಎಂದರು. ಸೀರೆಯ ನೆರಿಗೆ ಸರಿಮಾಡಿಕೊಂಡರು. "ಪದ್ಧತಿ ಅಲ್ವೇನಮ್ಮ ಅದು… ಹಿರಿಯರು ಹೇಳಿದ್ದು…" ಮತ್ತೆ, ನಿಜವಾಗಿಯೂ ತಿಳಿಯದೆ ಕೇಳಿದರು: "ಮತ್ತೆ ಸಿನಿಮಾದಲ್ಲಿ ಮುಟ್ಟಿದಳಲ್ಲ? ಏನೂ ಆಗಲಿಲ್ಲವಲ್ಲ?"

"ಅಲ್ಲಿ ಏನಾಗತ್ತೆ ದೊಡ್ಡಮ್ಮ," ಎಂದಳು ಅಕ್ಕ. "ಅಲ್ಲಿ ಸತ್ತಿದ್ದ ಹುಡುಗಿ ಆಮೇಲೆ ಎದ್ದು ಬಚ್ಚಲಿಗೆ ಹೋಗಿ ತಾನೇ ಮುಖ ತೊಳ್ಕೊಂಡಳು."